ಕಳಚಿದ ಫ್ಯಾನು: ಶ್ರಾವಕಾಚಾರದ ದೃಷ್ಟಿಯಿಂದ ಒಂದು ವಿಚಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಬಸದಿಗಳ ದಾನದ ಲೆಕ್ಕವು ಒಂದು ಕಾಲದಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಕಿರ್ದಿ ಖತಾವಣಿಗಳಲ್ಲಿ ಮಾತ್ರ ಇರುತ್ತಿತ್ತು. ಈಗ ಅನೇಕ ಟ್ರಸ್ಟುಗಳಲ್ಲಿ ಆ ಸ್ಥಾನವನ್ನು ಮೇಜಿನ ಮೇಲಿನ ಗಣಕಯಂತ್ರವೂ ಹಂಚಿಕೊಂಡಿದೆ. ಕಿರ್ದಿಗೆ ಗೆದ್ದಲಿನ ಭಯವಿತ್ತು. ಗಣಕಯಂತ್ರಕ್ಕೆ ಬಿಸಿಯ ಭಯ. ಆ ಬಿಸಿಯನ್ನು ಹೊರದೂಡುವುದಕ್ಕಾಗಿ ಅದರ ಒಡಲಿನಲ್ಲಿ ಅಂಗೈಯಗಲದ ಒಂದೆರಡು ಫ್ಯಾನುಗಳು ಸದಾ ತಿರುಗುತ್ತಿರುತ್ತವೆ. ಕೆಟ್ಟುಹೋದ ಒಂದು ಯಂತ್ರದಿಂದ ಕಳಚಿದ ಹಳೆಯ ಫ್ಯಾನನ್ನು ಮತ್ತೊಂದಕ್ಕೆ ಜೋಡಿಸಬಹುದೇ ಎಂಬ ಪ್ರಶ್ನೆಯನ್ನು ಧರ್ಮದೃಷ್ಟಿಯಿಂದ ವಿಚಾರಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಶ್ರಾವಕನ ಅಣುವ್ರತಗಳಿಗೆ ತಗಲುವ ಅತಿಚಾರಗಳನ್ನು ನಿರೂಪಿಸಿದ ಆಚಾರ್ಯರು ತೂಕದ ಕಲ್ಲು, ಅಳತೆಯ ಮಾನ, ಎತ್ತಿನ ಮೇಲಿನ ಹೊರೆ ಇಂಥ ದಿನಬಳಕೆಯ ಸಂಗತಿಗಳನ್ನೇ ಹಿಡಿದು ಮಾತನಾಡಿದ್ದಾರೆ. ಅವರ ಕಾಲದಲ್ಲಿ ಗಣಕಯಂತ್ರವಿದ್ದಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ರಾಯಬಾಗ ತಾಲ್ಲೂಕಿನ ಯಾವುದೋ ಒಂದು ಊರು, ಮೇ ತಿಂಗಳ ಮಧ್ಯಾಹ್ನ. ಬಿಸಿಲು 40 ಡಿಗ್ರಿಯ ಆಸುಪಾಸು. ಬಸದಿಯ ಕಚೇರಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಆತುರ. ಗಣಕಯಂತ್ರವು ಅರ್ಧ ಗಂಟೆಗೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ಚಿಕ್ಕೋಡಿಯಿಂದ ಬಂದ ದುರಸ್ತಿಯ ಹುಡುಗನು ಪಕ್ಕದ ತಗಡನ್ನು ಬಿಚ್ಚಿ ನೋಡುತ್ತಾನೆ. ಹಿಂಬದಿಯ ಫ್ಯಾನು ಕಂದು ದೂಳಿನಲ್ಲಿ ಹೂತುಹೋಗಿ ನಿಂತಿದೆ. ಅವನ ಚೀಲದಲ್ಲಿ ಎರಡು ಫ್ಯಾನುಗಳಿವೆ. ಒಂದು ಡಬ್ಬಿಯೊಳಗಿನ ಹೊಸದು. ಇನ್ನೊಂದು ನಿಪ್ಪಾಣಿಯಲ್ಲಿ ಮುಚ್ಚಿಹೋದ ಒಂದು ತಂಬಾಕಿನ ಅಡತಿ ಅಂಗಡಿಯ ಯಂತ್ರದಿಂದ ಕಳಚಿದ್ದು. "ಕಾಕಾ, ಹೊಸಾದ ಹಾಕ್ಲೇನ್ರಿ, ಹಳೀದ ನಡೀತೈತೇನ್ರಿ?" ಎಂದು ಕೇಳುತ್ತಾನೆ. ಕಾಕಾ ಎನಿಸಿಕೊಂಡ ಹಿರಿಯ ಟ್ರಸ್ಟಿಯು ಉತ್ತರ ಕೊಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯಲ್ಲಿ ಇರುವ ಪ್ರಶ್ನೆಗಳೆಷ್ಟು ಎಂಬುದೇ ಇಲ್ಲಿನ ವಿಷಯ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಸ್ವರೂಪ ತಿಳಿಯದೆ ಗುಣದೋಷದ ನಿರ್ಣಯ ಸಲ್ಲದು. ಈ ಫ್ಯಾನು 12 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ತಿರುಗುತ್ತದೆ. ಸಾಮಾನ್ಯ ಅಳತೆಗಳು 80, 92 ಮತ್ತು 120 ಮಿಲಿಮೀಟರ್. ತಾಮ್ರದ ತಂತಿಯ ಸುರುಳಿ, ಉಂಗುರದ ಆಕಾರದ ಅಯಸ್ಕಾಂತ, ಪ್ಲಾಸ್ಟಿಕ್ಕಿನ ಎಲೆಗಳು, ಒಂದು ಚಿಕ್ಕ ವಿದ್ಯುನ್ಮಾನ ಫಲಕ, ಇಷ್ಟೇ ಅದರ ಸಂಸಾರ. ಮನೆಯ ಹಳೆಯ ಮೋಟಾರುಗಳಲ್ಲಿರುವಂಥ ಇಂಗಾಲದ ಬ್ರಷ್ಷು ಇದರಲ್ಲಿಲ್ಲ. ಆದುದರಿಂದ ಉಜ್ಜಿ ಸವೆಯುವ ಭಾಗವೆಂದರೆ ಅಚ್ಚು ಕುಳಿತಿರುವ ಬೇರಿಂಗು ಒಂದೇ. ಅಗ್ಗದ ಫ್ಯಾನುಗಳಲ್ಲಿ ಅದು ಎಣ್ಣೆ ಹೀರಿದ ಕಂಚಿನ ಬುಶ್ಶು. ಬೆಲೆಯುಳ್ಳವುಗಳಲ್ಲಿ ಗುಂಡುಗಳ ಬೇರಿಂಗು. ಬುಶ್ಶಿನ ಎಣ್ಣೆಯು ವರ್ಷಗಳ ಬಿಸಿಗೆ ಆರಿ ಅಂಟಾಗುತ್ತದೆ. ಆಗ ಯಂತ್ರ ಹೊತ್ತಿಸಿದ ಕೂಡಲೇ ಗರಗರ ಸದ್ದು, ಕೆಲವೊಮ್ಮೆ ಬೆರಳಿನಿಂದ ತಳ್ಳದ ಹೊರತು ತಿರುಗದಿರುವುದು, ಇವೆಲ್ಲ ಕಾಣಿಸಿಕೊಳ್ಳುತ್ತವೆ. ನಡುವಿನ ಚೀಟಿಯನ್ನು ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟರೆ ಅನೇಕ ಸಲ ಅದು ಮತ್ತೆ ಓಡುತ್ತದೆ. ಆದರೆ ಸವೆದುಹೋದ ಕಂಚನ್ನು ಯಾವ ಎಣ್ಣೆಯೂ ತುಂಬಿಕೊಡದು. ಹೀಗೆ ಹಳೆಯ ಫ್ಯಾನು ಎಂಬ ಒಂದೇ ಹೆಸರಿನೊಳಗೆ ಇನ್ನೂ ಹತ್ತು ವರ್ಷ ಬಾಳುವುದೂ ಉಂಟು, ಹತ್ತು ದಿನ ಬಾಳದುದೂ ಉಂಟು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣ.

ಲೆಕ್ಕದ ಪುಸ್ತಕವೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಆದಾಯ ತೆರಿಗೆಯ ನಿಯಮಗಳಲ್ಲಿ ಗಣಕಯಂತ್ರದ ಸವಕಳಿಗೆ ಮೊದಲು ಶೇ. 60ರ ದರವಿತ್ತು, 2018-19ರ ಕರನಿರ್ಧಾರಣ ವರ್ಷದಿಂದ ಅದು ಶೇ. 40 ಆಯಿತು. ಆ ದರದಲ್ಲಿ 40,000 ರೂಪಾಯಿಯ ಯಂತ್ರವು ಮೊದಲ ವರ್ಷದ ಕೊನೆಗೆ 24,000, ಎರಡನೆಯದಕ್ಕೆ 14,400, ಮೂರನೆಯದಕ್ಕೆ 8,640, ಐದನೆಯ ವರ್ಷದ ಕೊನೆಗೆ 3,110 ರೂಪಾಯಿಗೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಬೆಲೆಯು ಎಂದೂ ಸೊನ್ನೆಯಾಗದು, ಆದರೆ ಯಂತ್ರ ಸಾಯುತ್ತದೆ; ಯಂತ್ರ ಸತ್ತರೂ ಅದರೊಳಗಿನ ಫ್ಯಾನು ಬದುಕಿರುತ್ತದೆ. ಪರ್ಯಾಯವು ನಾಶವಾಗುತ್ತದೆ, ದ್ರವ್ಯವು ಉಳಿಯುತ್ತದೆ ಎಂಬ ಸಿದ್ಧಾಂತವನ್ನು ಪಾಠಶಾಲೆಯ ಮಕ್ಕಳಿಗೆ ಹೇಳಲು ಬಳೆ ಕರಗಿಸಿ ಮಾಡಿದ ಉಂಗುರದ ಉದಾಹರಣೆಯೊಂದೇ ಏಕೆ, ಇದೂ ಸಾಕು.

ಬಳಸಿ ಬಿಟ್ಟ ವಸ್ತುವು ಹೀನವೆಂಬ ಭಾವನೆ ಜೈನ ಪರಂಪರೆಯದಲ್ಲ. ನಿರ್ಗ್ರಂಥ ಮುನಿಗಳ ಕೈಯಲ್ಲಿರುವ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದದ್ದು. ಚಾತುರ್ಮಾಸದ ಬಳಿಕ ನಡೆಯುವ ಪಿಂಛಿ ಪರಿವರ್ತನೆಯಲ್ಲಿ ಹೊಸ ಪಿಂಛಿಯನ್ನು ಅರ್ಪಿಸಿದವರಿಗಿಂತ, ವ್ರತವನ್ನು ಸ್ವೀಕರಿಸಿ ಹಳೆಯ ಪಿಂಛಿಯನ್ನು ಪಡೆದವರು ಹೆಚ್ಚು ಭಾಗ್ಯಶಾಲಿಗಳೆಂದು ಜನ ಭಾವಿಸುತ್ತಾರೆ. ಭೋಜ ಗ್ರಾಮದ ಮನೆತನದಿಂದ ಬಂದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು, ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಬಾಲ್ಯವನ್ನು ಆರಂಭಿಸಿ 2024ರ ಫೆಬ್ರುವರಿಯಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು, ಇವರೆಲ್ಲರಿಗೆ ಜನ್ಮವಿತ್ತ ಈ ಮಣ್ಣಿನ ಶ್ರಾವಕರಿಗೆ ಅಪರಿಗ್ರಹದ ಅರ್ಥವನ್ನು ಬೇರೆ ಕಡೆಯಿಂದ ತಂದು ಹೇಳಬೇಕಾಗಿಲ್ಲ. ಆದರೂ ಒಂದು ಎಚ್ಚರಿಕೆ ಬೇಕು. ಹಳೆಯ ಪಿಂಛಿ ಪೂಜ್ಯವಾಗುವುದು ಗರಿ ಹಳೆಯದೆಂಬ ಕಾರಣಕ್ಕಲ್ಲ, ಅದರ ಹಿಂದಿನ ಸಂಯಮದ ಕಾರಣಕ್ಕೆ. ಹಳೆಯ ಫ್ಯಾನನ್ನು ಹಾಕಿದ ಮಾತ್ರಕ್ಕೆ ಅಪರಿಗ್ರಹವಾಯಿತೆಂದು ಹೇಳುವವನು ಉಳಿಸಿದ ಹಣದಲ್ಲಿ ಏನು ಮಾಡಿದನೆಂಬುದನ್ನೂ ನೋಡಬೇಕಾಗುತ್ತದೆ.

ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಫ್ಯಾನು ಎಂಬುದು ನಿರ್ದೋಷ ವಸ್ತುವೇನಲ್ಲ. ವಾಯುಕಾಯಿಕ ಜೀವಗಳನ್ನು ಒಪ್ಪುವ ಧರ್ಮದಲ್ಲಿ ಗಾಳಿಯನ್ನು ಬಡಿಯುವ ಯಂತ್ರವು, ಹೊಸದಾಗಿರಲಿ ಹಳೆಯದಾಗಿರಲಿ, ಆರಂಭವೇ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿ, ಆರಂಭ ಮತ್ತು ಉದ್ಯೋಗಗಳಲ್ಲಿ ಅನಿವಾರ್ಯವಾದುದನ್ನು ಮಿತಗೊಳಿಸಲು ಹೇಳಲಾಗಿದೆ. ಪ್ರಯೋಜನವಿಲ್ಲದೆ ಭೂಮಿ, ಜಲ, ಅಗ್ನಿ, ವಾಯುಗಳನ್ನು ಕದಡುವುದನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಇಲ್ಲಿ ಯಂತ್ರಶಾಸ್ತ್ರದ ಒಂದು ಸಂಗತಿ ಧರ್ಮದೃಷ್ಟಿಗೆ ಆಶ್ಚರ್ಯಕರವಾಗಿ ಹೊಂದುತ್ತದೆ. ಫ್ಯಾನು ಸಾಗಿಸುವ ಗಾಳಿಯ ಪ್ರಮಾಣವು ವೇಗಕ್ಕೆ ಅನುಸಾರವಾಗಿ ಏರಿದರೆ, ಅದು ನುಂಗುವ ಶಕ್ತಿಯು ವೇಗದ ಘನಕ್ಕೆ ಅನುಸಾರವಾಗಿ ಏರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಶಕ್ತಿಯ ವೆಚ್ಚವು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 120 ಮಿಲಿಮೀಟರಿನ ಫ್ಯಾನು 80ರದಕ್ಕಿಂತ ಎರಡೂಕಾಲು ಪಟ್ಟು ವಿಸ್ತಾರವುಳ್ಳದ್ದು. ಆದುದರಿಂದ ಅದು ನಿಧಾನವಾಗಿ, ಸದ್ದಿಲ್ಲದೆ ಅದೇ ಕೆಲಸವನ್ನು ಮಾಡಬಲ್ಲದು. ಮಿತಿಯು ಇಲ್ಲಿ ಪುಣ್ಯವೂ ಹೌದು, ಮಿತವ್ಯಯವೂ ಹೌದು. ಒಂದರ ಜಾಗದಲ್ಲಿ ನಾಲ್ಕು ಹಳೆಯ ಫ್ಯಾನುಗಳನ್ನು, ಪುಕ್ಕಟೆ ಸಿಕ್ಕವೆಂಬ ಕಾರಣಕ್ಕೆ, ಜೋಡಿಸಿ ಹುಚ್ಚುವೇಗದಲ್ಲಿ ಓಡಿಸುವುದು ಪ್ರಮಾದಚರ್ಯೆಯಲ್ಲದೆ ಬೇರೇನು?

ವಾಯುಕಾಯಿಕ ಜೀವಗಳಿಗಿಂತ ಕಣ್ಣಿಗೆ ಕಾಣುವ ತ್ರಸ ಜೀವಗಳ ಮಾತು ಇನ್ನೂ ಮುಖ್ಯ. ವರ್ಷಗಟ್ಟಲೆ ಗುಜರಿಯಲ್ಲಿ ಬಿದ್ದ ಯಂತ್ರವು ಜೇಡ, ಇರುವೆ, ಜಿರಲೆಗಳ ಮನೆಯಾಗಿರುತ್ತದೆ. ದುರಸ್ತಿ ಅಂಗಡಿಗಳಲ್ಲಿ ಬ್ಲೋವರ್ ಹಿಡಿದು ಒಂದೇ ಉಸಿರಿಗೆ ಎಲ್ಲವನ್ನೂ ಹಾರಿಸಿಬಿಡುವುದು ರೂಢಿ. ಇದರಿಂದ ಜೀವಹಾನಿಯ ಜೊತೆಗೆ ವಸ್ತುಹಾನಿಯೂ ಆಗುತ್ತದೆ. ಬ್ಲೋವರಿನ ಗಾಳಿಗೆ ಅಂಕೆಯಿಲ್ಲದೆ ತಿರುಗಿದ ಫ್ಯಾನಿನ ಬೇರಿಂಗು ಕೆಡುತ್ತದೆ. ಹಗಲು ಬೆಳಕಿನಲ್ಲಿ, ಹೊರಗೆ ಕಟ್ಟೆಯ ಮೇಲೆ ಇಟ್ಟು, ಎಲೆಗಳನ್ನು ಒಂದು ಕೈಯಿಂದ ಹಿಡಿದು ಮೃದುವಾದ ಕುಂಚದಿಂದ ದೂಳನ್ನು ತೆಗೆಯುವುದು ಯೋಗ್ಯ ಕ್ರಮ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗುತ್ತಿರಲಿಲ್ಲ. ವಸ್ತುವನ್ನು ಎತ್ತುವಾಗ ಇಡುವಾಗ ನೋಡಿ ನಡೆಯುವ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ವಿಹಿತವಾದುದು ನಿಜ. ಅದರ ನೆರಳಾದರೂ ಶ್ರಾವಕನ ಕೈಯ ಮೇಲೆ ಬೀಳಬಾರದೇ?

ಮನುಷ್ಯಜೀವದ ಮಾತನ್ನೂ ಇಲ್ಲಿಯೇ ಹೇಳಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗಿನ ಫ್ಯಾನನ್ನು ಕಳಚಲು ಆ ಪೆಟ್ಟಿಗೆಯನ್ನು ಬಿಚ್ಚಬೇಕಾಗುತ್ತದೆ. ಅದರೊಳಗಿನ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ 300 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಕೆಲಸ ಕಲಿಯುವ ಹುಡುಗನ ಕೈಗೆ ಅಂಥ ಪೆಟ್ಟಿಗೆಯನ್ನು ಕೊಟ್ಟು "ಫ್ಯಾನು ತೆಗೆದಿಡು" ಎನ್ನುವ ಮಾಲೀಕನು ನೂರು ರೂಪಾಯಿಯ ಲಾಭಕ್ಕಾಗಿ ಏನನ್ನು ಒಡ್ಡುತ್ತಿದ್ದಾನೆಂದು ಯೋಚಿಸಲಿ.

ವ್ಯಾಪಾರಿ ಸಮಾಜಕ್ಕೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಅಚೌರ್ಯದ್ದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳಿದ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಎರಡು ಈ ಪುಟ್ಟ ಫ್ಯಾನಿಗೆ ನೇರವಾಗಿ ಅನ್ವಯಿಸುತ್ತವೆ. ಮೊದಲನೆಯದು ತದಾಹೃತಾದಾನ, ಕದ್ದು ತಂದುದನ್ನು ಕೊಳ್ಳುವುದು. ಗುಜರಿಗೆ ಬಂದ ಮಾಲೆಲ್ಲ ಬಿಸಾಡಿದ ಮಾಲಲ್ಲ. ಮೂಲ ಯಂತ್ರವು ಯಾರದು, ಅವರು ಅದನ್ನು ಮಾರಿದರೇ, ಕೊಟ್ಟರೇ, ಕಳೆದುಕೊಂಡರೇ ಎಂಬುದನ್ನು ಕೇಳದೆ ಅಗ್ಗವಾಗಿ ಕೊಂಡವನು ಕದಿಯದಿದ್ದರೂ ಕಳ್ಳತನದ ಕೊನೆಯ ಕೊಂಡಿಯಾಗುತ್ತಾನೆ. ಎರಡನೆಯದು ಪ್ರತಿರೂಪಕ ವ್ಯವಹಾರ, ಒಂದನ್ನು ಇನ್ನೊಂದರ ರೂಪದಲ್ಲಿ ಮಾರುವುದು. ಇದನ್ನೇ ಸಮಂತಭದ್ರರು ಸದೃಶವಾದುದನ್ನು ಬೆರೆಸುವ ದೋಷವೆಂದು ಗುರುತಿಸಿದ್ದಾರೆ. ಟೀಕಾಕಾರರು ಇದಕ್ಕೆ ತುಪ್ಪದಲ್ಲಿ ಎಣ್ಣೆಯ ಉದಾಹರಣೆ ಕೊಡುತ್ತಾರೆ. ಹಳೆಯ ಫ್ಯಾನನ್ನು ತೊಳೆದು, ಹೊಸ ಚೀಟಿ ಅಂಟಿಸಿ, ಡಬ್ಬಿಯಲ್ಲಿಟ್ಟು ಹೊಸದರ ಬೆಲೆಗೆ ಮಾರುವುದು ಆ ತುಪ್ಪದ ಎಣ್ಣೆಯೇ.

ಇಷ್ಟು ಸ್ಪಷ್ಟವಾದ ಮೋಸವನ್ನು ಯಾವ ಮರ್ಯಾದಸ್ಥನೂ ಸಮರ್ಥಿಸಲಾರನು. ತೊಡಕಿರುವುದು ಮೌನದಲ್ಲಿ. ದುರಸ್ತಿಗಾರನು ಹೊಸದೆಂದು ಹೇಳಲಿಲ್ಲ, ಗಿರಾಕಿಯು ಕೇಳಲಿಲ್ಲ. ಬಿಲ್ಲಿನಲ್ಲಿ ಬರೆದದ್ದು "ಫ್ಯಾನು 1" ಎಂದಷ್ಟೇ. ಬೆಲೆಯೂ ಹೊಸದಕ್ಕಿಂತ ಕಡಿಮೆ. ಇಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲವೆಂದು ವಾದಿಸಬಹುದು. ಆದರೆ ಅಳತೆಯಲ್ಲಿ ಕಡಿಮೆ ಕೊಡುವವನೂ ಬಾಯಿಯಿಂದ ಏನನ್ನೂ ಹೇಳುವುದಿಲ್ಲ, ಕಲ್ಲೇ ಅವನ ಪರವಾಗಿ ಸುಳ್ಳು ಹೇಳುತ್ತದೆ. ಗಿರಾಕಿಯು ತಗಡಿನ ಒಳಗೆ ನೋಡಲಾರನೆಂಬ ಸಂಗತಿಯೇ ಇಲ್ಲಿ ಆ ಕಲ್ಲು. ಎಲ್ಲಿ ಒಬ್ಬನಿಗೆ ಕಾಣುತ್ತದೆಯೋ, ಇನ್ನೊಬ್ಬನಿಗೆ ಕಾಣುವುದಿಲ್ಲವೋ, ಅಲ್ಲಿ ಕಾಣುವವನಿಗೆ ಹೇಳುವ ಋಣವಿರುತ್ತದೆ. ಆದುದರಿಂದ ಆ ಹುಡುಗನು "ಹಳೀದ ನಡೀತೈತೇನ್ರಿ" ಎಂದು ಕೇಳಿದ ಒಂದೇ ಮಾತಿನಲ್ಲಿ ಅವನ ವೃತ್ತಿಧರ್ಮದ ಬಹುಪಾಲು ಸಂದಿತು. ಉಳಿದದ್ದು ಅದನ್ನು ಬಿಲ್ಲಿನಲ್ಲಿ ಬರೆಯುವುದು ಮಾತ್ರ.

ಇನ್ನು ಹೊಣೆ ಟ್ರಸ್ಟಿಗೆ ಬರುತ್ತದೆ. ಅವರ ಮುಂದೆ ಸಮಾಜದವರು ಸಾಮಾನ್ಯವಾಗಿ ಎತ್ತುವ ಆಕ್ಷೇಪವೊಂದಿದೆ: ಬಸದಿಗೆ ಹಳೆಯದನ್ನು ತರಬಾರದು, ಭಗವಂತನ ಸನ್ನಿಧಿಗೆ ಹೊಸದೇ ಆಗಬೇಕು. ಈ ಭಾವನೆ ಗೌರವಾರ್ಹವಾದರೂ ಇಲ್ಲಿ ಸ್ಥಾನತಪ್ಪಿ ಬಂದಿದೆ. ಪೂಜೆಯಲ್ಲಿ ಅರ್ಪಿಸುವ ಅಕ್ಷತೆ, ಫಲಗಳು ಅನುಚ್ಛಿಷ್ಟವಾಗಿರಬೇಕು. ಅರ್ಪಿಸಿದ ಮೇಲೆ ಅವು ನಿರ್ಮಾಲ್ಯವಾಗಿ ಶ್ರಾವಕನ ಭೋಗಕ್ಕೆ ವರ್ಜ್ಯವಾಗುತ್ತವೆ. ಕಚೇರಿಯ ಗಣಕಯಂತ್ರವು ಅರ್ಪಿಸಿದ ದ್ರವ್ಯವಲ್ಲ, ಅರ್ಪಿಸಿದ ದ್ರವ್ಯದ ಲೆಕ್ಕವಿಡುವ ಸಾಧನ. ಆದರೆ ಅದು ಟ್ರಸ್ಟಿನ ಸ್ವತ್ತು. ಬಸದಿಯ ಯಂತ್ರವು ಕೆಟ್ಟಾಗ ಅದರ ಫ್ಯಾನನ್ನೋ ಡಿಸ್ಕನ್ನೋ ಪದಾಧಿಕಾರಿಯೊಬ್ಬನು "ಹೇಗೂ ಗುಜರಿಗೆ ಹೋಗುವುದು" ಎಂದು ಮನೆಗೆ ಒಯ್ದರೆ ಅದು ಅದತ್ತಾದಾನವೇ ಸರಿ. ಠರಾವು ಮಾಡಿ, ಬೆಲೆ ಕಟ್ಟಿ, ರಸೀದಿ ಹರಿದು ಒಯ್ಯಲಿ. ಐವತ್ತು ರೂಪಾಯಿಯಾದರೂ ಆಗಲಿ.

ನಿಜವಾದ ಆಕ್ಷೇಪ ಬೇರೆಡೆ ಇದೆ. ತನ್ನ ಮನೆಯ ಯಂತ್ರಕ್ಕೆ ಹಳೆಯ ಫ್ಯಾನನ್ನು ಹಾಕಿಕೊಂಡವನು ಅದು ನಿಂತಾಗ ತಾನೇ ನಷ್ಟವನ್ನು ಅನುಭವಿಸುತ್ತಾನೆ. ಅವನ ಮಿತವ್ಯಯವು ತಪಸ್ಸಿನ ಸಣ್ಣ ಅಂಶವಾಗಬಹುದು. ಟ್ರಸ್ಟಿಯು ಉಳಿಸುವುದು ಸಮಾಜದ ಹಣವನ್ನು, ಒಡ್ಡುವುದು ಸಮಾಜದ ದಾಖಲೆಗಳನ್ನು. ಪರರ ಹೊಣೆಯ ಮೇಲೆ ಮಾಡಿದ ಉಳಿತಾಯವನ್ನು ಅಪರಿಗ್ರಹವೆನ್ನುವುದು ಕಷ್ಟ. ಪರರ ಊಟವನ್ನು ಬಿಡಿಸಿ ಉಪವಾಸದ ಪುಣ್ಯವನ್ನು ಬೇಡಿದಂತೆ. ಹಾಗೆಂದು ಹಳೆಯದೆಲ್ಲವೂ ಟ್ರಸ್ಟಿಗೆ ನಿಷಿದ್ಧವೆಂದೂ ಅಲ್ಲ. ಎಲ್ಲಿ ಹಾಕುವುದೆಂಬುದರ ಮೇಲೆ ನಿರ್ಣಯ ನಿಲ್ಲುತ್ತದೆ. ಈಗಿನ ಪ್ರೊಸೆಸರುಗಳು ಬಿಸಿ ಏರಿದಾಗ ತಮ್ಮ ವೇಗವನ್ನು ತಾವೇ ಇಳಿಸಿಕೊಂಡು, ಮಿತಿಮೀರಿದರೆ ಯಂತ್ರವನ್ನು ಆರಿಸುತ್ತವೆ. ಹೊಗೆಯೇಳುವ ಸಂಭವ ಕಡಿಮೆ. ಆದರೂ ಪದೇ ಪದೇ ಆರುವ ಯಂತ್ರದಲ್ಲಿ ಬರೆಯುತ್ತಿದ್ದ ಲೆಕ್ಕ ಅರ್ಧಕ್ಕೆ ಕೆಡಬಹುದು. ಪ್ರೊಸೆಸರಿನ ಮೇಲಿನ ಫ್ಯಾನು, ಎಸ್‌ಎಂಪಿಎಸ್‌ನ ಫ್ಯಾನು ಇವು ಹೊಸದಾಗಿರಲಿ. ಪೆಟ್ಟಿಗೆಯ ಹಿಂಬದಿಗೆ, ಬೇರೊಂದು ಫ್ಯಾನು ಜೊತೆಗಿರುವಲ್ಲಿ, ಪರೀಕ್ಷಿಸಿದ ಹಳೆಯದು ನಡೆಯುತ್ತದೆ.

ಪರೀಕ್ಷೆಯ ಕ್ರಮ ಕಠಿಣವಲ್ಲ. ಬೆರಳಿನಿಂದ ಮೆಲ್ಲನೆ ತಿರುಗಿಸಿ ಬಿಟ್ಟರೆ ಅದು ಥಟ್ಟನೆ ನಿಲ್ಲದೆ ನಿಧಾನವಾಗಿ ನಿಲ್ಲಬೇಕು. ಅಚ್ಚನ್ನು ಅಲುಗಿಸಿದರೆ ಒಲೆದಾಡಬಾರದು. ಒಂದು ಹಗಲು ನಿಲ್ಲಿಸಿಟ್ಟು, ಒಂದು ಹಗಲು ಮಲಗಿಸಿಟ್ಟು ಓಡಿಸಿ ಕಿವಿಗೊಡಬೇಕು. ಚೀಟಿಯ ಮೇಲಿನ ಆಂಪಿಯರ್ ಅಂಕಿಯನ್ನು ಓದಬೇಕು; ಮದರ್‌ಬೋರ್ಡಿನ ಒಂದು ಕೊಂಡಿಯು ಸಾಮಾನ್ಯವಾಗಿ 1 ಆಂಪಿಯರ್‌ವರೆಗೆ ತಡೆಯುತ್ತದೆ, ಸರ್ವರ್ ಯಂತ್ರಗಳಿಂದ ಕಳಚಿದ ಕೆಲವು ಫ್ಯಾನುಗಳು ಅದನ್ನು ಮೀರುತ್ತವೆ. ಎರಡು ತಂತಿಯ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನು ಯಂತ್ರಕ್ಕೆ ತಿಳಿಸಲಾರದು. ಮೂರನೆಯ ತಂತಿಯಿದ್ದರೆ ಅದು ವೇಗವನ್ನು ವರದಿ ಮಾಡುತ್ತದೆ, ನಾಲ್ಕನೆಯದಿದ್ದರೆ ವೇಗವನ್ನು ಹದಗೊಳಿಸಬಹುದು. ಟ್ರಸ್ಟಿನ ಯಂತ್ರಕ್ಕೆ ಹಳೆಯದನ್ನು ಹಾಕುವುದಾದರೆ ಮೂರು ತಂತಿಗೆ ಕಡಿಮೆಯಾದುದು ಬೇಡ. ತನ್ನ ಅವಸ್ಥೆಯನ್ನು ತಾನೇ ಹೇಳಿಕೊಳ್ಳುವ ವಸ್ತುವಿನ ಮೇಲೆ ಮುದಿತನದಲ್ಲಿಯೂ ಭರವಸೆಯಿಡಬಹುದು.

ಸಂಗ್ರಹದ ಮಾತೊಂದು ಉಳಿಯಿತು. ಮರುಬಳಕೆಯ ಉತ್ಸಾಹಿಗಳ ಮನೆಗಳಲ್ಲಿ ಮಂಚದ ಕೆಳಗೆ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ: ಹತ್ತಿಪ್ಪತ್ತು ಫ್ಯಾನು, ಗಂಟು ಬಿದ್ದ ತಂತಿ, ಎಂದಾದರೂ ಬೇಕಾದೀತೆಂಬ ಆಶೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಸಮಂತಭದ್ರರು ಅತಿಸಂಗ್ರಹವನ್ನು ಹೆಸರಿಸಿದ್ದಾರೆ. ಅಗ್ಗದ ವಸ್ತುವಿಗೆ ಅದರಲ್ಲಿ ವಿನಾಯಿತಿಯಿಲ್ಲ. ಬೆಲೆಯಿಲ್ಲದ ವಸ್ತುವಿನ ಮೇಲಿನ ಮೂರ್ಛೆಯು ಬೆಲೆಯುಳ್ಳುದರ ಮೇಲಿನದಕ್ಕಿಂತ ಬಿಡಿಸಲು ಕಠಿಣ, ಏಕೆಂದರೆ ಅದನ್ನು ಲೋಭವೆಂದು ಯಾರೂ ಬೈಯುವುದಿಲ್ಲ. ಎರಡನ್ನು ಇಟ್ಟುಕೊಂಡು ಉಳಿದುದನ್ನು ಬೇಕಾದವರಿಗೆ ಕೊಡುವುದು ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳು ಬದುಕಿರುವುದೇ ಇಂಥ ಭಾಗಗಳ ಕೈಬದಲಿನಿಂದ.

ಮರುಬಳಕೆ ಮಾಡದಿದ್ದರೆ ಏನಾಗುತ್ತದೆಂಬುದು ಲೋಕಕ್ಕೆ ತಿಳಿಯದ ಸಂಗತಿಯಲ್ಲ. ದೆಹಲಿಯ ಸೀಲಂಪುರದಲ್ಲಿ, ಉತ್ತರ ಪ್ರದೇಶದ ಮುರಾದಾಬಾದಿನಲ್ಲಿ ವಿದ್ಯುನ್ಮಾನ ಕಸದ ತಂತಿಗಳನ್ನು ಸುಟ್ಟು ತಾಮ್ರ ತೆಗೆಯುವ, ಫಲಕಗಳನ್ನು ಆಮ್ಲದಲ್ಲಿ ಅದ್ದುವ ಕೆಲಸ ವರ್ಷಗಟ್ಟಲೆ ನಡೆದಿದೆ. ಆ ಹೊಗೆಯನ್ನು ಕುಡಿದವರು ಬಡವರು. ಕರ್ನಾಟಕದಲ್ಲಿ ದಾಬಸ್‌ಪೇಟೆಯ ಇ-ಪರಿಸರದಂಥ ಘಟಕವು ಶಾಸ್ತ್ರೀಯ ವಿಂಗಡಣೆಯ ದಾರಿಯನ್ನು ಬಹು ಮೊದಲೇ ತೋರಿಸಿತು. ಭಾರತ ಸರಕಾರದ ಇ-ತ್ಯಾಜ್ಯ ನಿಯಮಗಳು 2012ರಲ್ಲಿ ಜಾರಿಗೆ ಬಂದು, 2016ರಲ್ಲಿ ಪರಿಷ್ಕೃತವಾಗಿ, 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಅನ್ವಯವಾದವು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಕೊನೆಯದನ್ನು ಮರೆತವನಿಗೆ ಮಾತ್ರ ಸೀಲಂಪುರವು ದೂರದ ಊರು.

ರಾಯಬಾಗದ ಆ ಕಚೇರಿಗೆ ಮರಳಬಹುದು. ಕಾಕಾ ಕೊನೆಗೆ ಹೇಳುತ್ತಾರೆ: "ತಮ್ಮಾ, ಪ್ರೊಸೆಸರಿಂದು ತಗದು ನೋಡು. ಅದೂ ಗರಗರ ಅನ್ನಾಕತ್ತಿದ್ರ ಅದಕ್ಕ ಹೊಸಾದ ಹಾಕು. ಹಿಂದಿಂದಕ್ಕ ಹಳೀದ ಇರ್ಲಿ. ಬಿಲ್ಲಿನ್ಯಾಗ ಹಳೀದ ಅಂತನ ಬರಿ." ಹುಡುಗನು ಕಟ್ಟೆಯ ಮೇಲೆ ಕುಳಿತು ತಂಬಾಕಿನ ಘಾಟು ಇನ್ನೂ ಬಿಡದ ಫ್ಯಾನನ್ನು ಕುಂಚದಿಂದ ಒರೆಸುತ್ತಾನೆ, ಒಂದು ಜೇಡ ಹೊರಬಂದು ಗೋಡೆಯನ್ನು ಏರುವವರೆಗೆ ಕಾಯುತ್ತಾನೆ. ಸಂಜೆಯ ಹೊತ್ತಿಗೆ ಯಂತ್ರ ಓಡುತ್ತದೆ. ಕಾಕಾ ಸಾಮಾನುಗಳ ರಜಿಸ್ಟರನ್ನು ತೆಗೆದು ತಾರೀಖು ಹಾಕಿ ಬರೆಯುತ್ತಾರೆ: ಫ್ಯಾನು, 120 ಮಿ.ಮೀ., ಹಳೆಯದು, ಹಿಂಬದಿಗೆ, 1. ದೀಪಾವಳಿಯ ಮೊದಲು ಮತ್ತೊಮ್ಮೆ ನೋಡುವುದು. ಸತ್ತುಹೋದ ಫ್ಯಾನನ್ನು ಹುಡುಗನು ಕಸದ ಬುಟ್ಟಿಗೆ ಹಾಕಲು ಹೋದಾಗ ಅವರು ಕೈಸನ್ನೆಯಿಂದ ತಡೆದು, ಅದನ್ನು ಒಂದು ಚೀಲದಲ್ಲಿ ಕಟ್ಟಿ ಕಪಾಟಿನ ಕೆಳಗಿಡುತ್ತಾರೆ. ಮುಂದಿನ ಸಲ ಯಾರಾದರೂ ಬೆಳಗಾವಿಗೆ ಹೋಗುವಾಗ ಇ-ತ್ಯಾಜ್ಯ ಕೊಳ್ಳುವವರಿಗೆ ಒಯ್ಯಬೇಕು.